ಎರೆಭೂಮಿಯ ಶಾಲೆಗೆ ಎರಡು ಕೋಣೆ: ಬಿಸಿಲು, ಗಾಳಿ, ಮರಗಳ ಲೆಕ್ಕ

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಎರೆಭೂಮಿಯ, ಅಂದರೆ ಕಪ್ಪು ಮಣ್ಣಿನ, ಹಳ್ಳಿ ನಮ್ಮದು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಎರಡು ಹೊಸ ಕೋಣೆ ಮಂಜೂರಾಗಿವೆ. ಈಗಿರುವ ಎರಡು ಕೋಣೆಗಳ ಬಾಗಿಲು, ಕಿಟಕಿ ಎಲ್ಲ ಪಡುವಣಕ್ಕಿವೆ. ಮಾರ್ಚ್ ಬಂತೆಂದರೆ ಮಧ್ಯಾಹ್ನದ ಮೇಲೆ ಮಕ್ಕಳು ಒಳಗೆ ಕೂರಲಾರರು. ಆವರಣದಲ್ಲಿ ಒಂದು ದೊಡ್ಡ ಹುಣಸೆಮರ ಬಿಟ್ಟರೆ ಬರೀ ಬಯಲು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಯುವಕರು ಮೊಬೈಲಿನಲ್ಲಿ ಎಲೆಯಾಕಾರದ, ಹುತ್ತದಾಕಾರದ, ಬಿದಿರಿನ ಶಾಲೆಗಳ ಚಿತ್ರ ತೋರಿಸಿ ‘ನಿಸರ್ಗವನ್ನು ನೋಡಿ ಕಟ್ಟಿದ ಶಾಲೆ ಅಂದರೆ ಇದು, ನಾವೂ ಹೀಗೇ ಮಾಡೋಣ’ ಅನ್ನುತ್ತಾರೆ. ಎಂಜಿನಿಯರ್ ಸಾಹೇಬರು ‘ಎಸ್ಟಿಮೇಟ್‌ನಲ್ಲಿ ಇದ್ದಷ್ಟೇ ಆಗುವುದು’ ಅನ್ನುತ್ತಾರೆ. ನಮ್ಮ ಕೈಲಿ ಏನು ಸಾಧ್ಯ?

ಉತ್ತರ: ಎಂಜಿನಿಯರ್ ಹೇಳುವ ಎಸ್ಟಿಮೇಟ್‌ನೊಳಗೇ ನಿಮಗೆ ಬೇಕಾದ್ದು ಬಹುಪಾಲು ಸಿಗುತ್ತದೆ. ಕಟ್ಟಡ ಯಾವ ದಿಕ್ಕಿಗೆ ಮಲಗಬೇಕು, ಕಿಟಕಿ ಯಾವ ಗೋಡೆಗೆ ಎಷ್ಟು ಎತ್ತರದಲ್ಲಿ ಬರಬೇಕು, ಪಡಸಾಲೆ ಯಾವ ಮಗ್ಗುಲಿಗೆ, ಚಾವಣಿಗೆ ಯಾವ ಬಣ್ಣ ಎಂಬುದನ್ನು ಬದಲಿಸಿದರೆ ಸಿಮೆಂಟು, ಕಬ್ಬಿಣದ ಲೆಕ್ಕ ಹೆಚ್ಚುಕಡಿಮೆ ಆಗುವುದಿಲ್ಲ. ಆಗುವುದಿದ್ದರೂ ಅತ್ಯಲ್ಪ. ಬುನಾದಿ ಮತ್ತು ಚಾವಣಿಯ ವಿನ್ಯಾಸವನ್ನು ಮಾತ್ರ ಎಂಜಿನಿಯರ್ ಸಹಿಯಿಲ್ಲದೆ ಮುಟ್ಟಬೇಡಿ.

ಮೊದಲು ಹುತ್ತದ ವಿಚಾರ ಮುಗಿಸೋಣ, ಏಕೆಂದರೆ ಯುವಕರು ಅದನ್ನು ಬಿಡುವವರಲ್ಲ. ಗೆದ್ದಲಿನ ಹುತ್ತವನ್ನು ನೋಡಿ ಕಟ್ಟಿದ್ದೆಂದು ಹೆಸರಾದ ಕಟ್ಟಡ ಜಿಂಬಾಬ್ವೆಯ ಹರಾರೆಯ ಈಸ್ಟ್‌ಗೇಟ್. ವಾಸ್ತುಶಿಲ್ಪಿ ಮಿಕ್ ಪಿಯರ್ಸ್, 1996ರ ಕಟ್ಟಡ. ಅದು ನೋಡಲು ಹುತ್ತದ ಹಾಗೆ ಏನೂ ಇಲ್ಲ. ರಾತ್ರಿಯ ತಂಪು ಗಾಳಿಯನ್ನು ಫ್ಯಾನುಗಳಿಂದ ಎಳೆದು, ದಪ್ಪ ಕಾಂಕ್ರೀಟನ್ನು ತಣ್ಣಗೆ ಮಾಡಿ, ಹಗಲು ಆ ತಂಪನ್ನು ಖರ್ಚು ಮಾಡುವುದು ಅಲ್ಲಿಯ ಉಪಾಯ. ನಿಮ್ಮ ಭಾಗದ ಹಳೆಯ ಮಣ್ಣಿನ ಮಾಳಿಗೆ ಮನೆಗಳು ಮಾಡುತ್ತಿದ್ದುದೂ ಇದನ್ನೇ: ದಪ್ಪ ಗೋಡೆ, ದಪ್ಪ ಮಾಳಿಗೆ, ಮೇಲೊಂದು ಬೆಳಕಿಂಡಿ. ಕೋಣೆಯನ್ನು ಹುತ್ತದ ಆಕಾರಕ್ಕೆ ತಿರುಗಿಸಿದರೆ ಗೌಂಡಿಯ ಕೂಲಿ ಏರುತ್ತದೆ, ಕಪ್ಪುಹಲಗೆ ಸರಿಯಾಗಿ ಕೂರುವುದಿಲ್ಲ, ಬೆಂಚು ಮೂಲೆಗೆ ಹೊಂದುವುದಿಲ್ಲ, ಸೆಕೆ ಮಾತ್ರ ಇದ್ದಲ್ಲೇ ಇರುತ್ತದೆ.

ನಿಮಗೆ ನಿಜವಾಗಿ ಹತ್ತಿರದ ಮಾದರಿ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯ ಪ್ರಾಥಮಿಕ ಶಾಲೆ. ಅದೇ ಊರಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಊರವರ ಕೈಯಿಂದಲೇ 2001ರಲ್ಲಿ ಕಟ್ಟಿಸಿದ್ದು. ಶಾಲೆಗೆ 2004ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು, ಕೆರೆಯವರಿಗೆ 2022ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಬಂತು. ಗೋಡೆ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಯದು. ಕೋಣೆಯ ಮೇಲೆ ಮಣ್ಣಿಟ್ಟಿಗೆಯ ಒಳಚಾವಣಿ, ಅದಕ್ಕೆ ತಾಗದಂತೆ ಕಬ್ಬಿಣದ ಸರಳಿನ ತೊಲೆಗಳ ಮೇಲೆ ಎತ್ತಿ ನಿಲ್ಲಿಸಿದ ಅಗಲವಾದ ತಗಡು. ಬಿಸಿಲು ತಗಡನ್ನು ಕಾಯಿಸುತ್ತದೆ, ನಡುವಿನ ಸಂದಿಯಲ್ಲಿ ಹರಿಯುವ ಗಾಳಿ ಆ ಕಾವನ್ನು ಹೊತ್ತೊಯ್ಯುತ್ತದೆ. ಕೆಳಗೆ ಕುಳಿತ ಮಕ್ಕಳ ತಲೆಗೆ ತಗಡಿನ ಬಿಸಿ ತಟ್ಟುವುದಿಲ್ಲ. ಮರದ ಕೆಳಗೆ ತಂಪಿರುವುದೂ ಬಹುಮಟ್ಟಿಗೆ ಈ ಕಾರಣಕ್ಕೇ: ಬಿಸಿಲನ್ನು ಎಲೆ ಮೇಲೇ ತಡೆಯುತ್ತದೆ, ಕೆಳಗೆ ಗಾಳಿಗೆ ದಾರಿ ಇರುತ್ತದೆ.

ಈಗ ನಿಮ್ಮ ಜಾಗದ ಲೆಕ್ಕ. ಶಾಲೆ ನಡೆಯುವುದು ಜೂನ್‌ನಿಂದ ಏಪ್ರಿಲ್ ಎರಡನೇ ವಾರದವರೆಗೆ, ಹೊತ್ತು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು ದಾಟುವವರೆಗೆ. ಮೇ ತಿಂಗಳ ಉರಿಯಲ್ಲಿ ಕೋಣೆಗೆ ಬೀಗ. ಹಾಗಾಗಿ ನೀವು ಗೆಲ್ಲಬೇಕಾದ ಬಿಸಿಲು ಮುಖ್ಯವಾಗಿ ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗಿನದು, ಅದರಲ್ಲೂ ಮಧ್ಯಾಹ್ನ ಎರಡರ ನಂತರದ್ದು.

ಕೊಪ್ಪಳ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್ 21ರ ನಡುಹಗಲಿಗೆ ಸೂರ್ಯ ದಿಗಂತದಿಂದ ಸುಮಾರು 75 ಡಿಗ್ರಿ ಮೇಲಿರುತ್ತಾನೆ, ಡಿಸೆಂಬರ್ ಕೊನೆಯಲ್ಲಿ 51 ಡಿಗ್ರಿ. ಎತ್ತರದ ಬಿಸಿಲನ್ನು ತಡೆಯಲು ಕಿಟಕಿಯ ಮೇಲೆ ಹೊರಚಾಚಿದ ಒಂದು ಸಣ್ಣ ಸಜ್ಜೆ ಸಾಕು. ತೊಂದರೆ ಕೊಡುವುದು ತಗ್ಗಿನ ಬಿಸಿಲು. ಮಾರ್ಚ್‌ನಲ್ಲಿ ಸಂಜೆ 4ಕ್ಕೆ ಸೂರ್ಯ ಪಡುವಣದಲ್ಲಿ ಸುಮಾರು 35 ಡಿಗ್ರಿಗೆ ಇಳಿದಿರುತ್ತಾನೆ. 1.35 ಮೀಟರ್ ಎತ್ತರದ ಪಡುವಣ ಕಿಟಕಿಯನ್ನು ಆ ಬಿಸಿಲಿನಿಂದ ಪೂರ್ತಿ ಮರೆಮಾಡಲು 1.9 ಮೀಟರ್ ಸಜ್ಜೆ ಬೇಕು. ಅಷ್ಟು ಉದ್ದದ ಸಜ್ಜೆಯನ್ನು ಯಾರೂ ಹಾಕುವುದಿಲ್ಲ. ನಿಮ್ಮ ಹಳೇ ಕೋಣೆಗಳಿಗೆ ಇರುವ ಒಂದೂವರೆ ಅಡಿ ಸಜ್ಜೆ ಕೆಲಸ ಮಾಡದಿರುವುದು ಅದಕ್ಕೇ.

ಆದ್ದರಿಂದ ಹೊಸ ಕೋಣೆಗಳು ಮೂಡಣ–ಪಡುವಣ ಉದ್ದಕ್ಕೆ ಮಲಗಲಿ. ಕಿಟಕಿಗಳೆಲ್ಲ ತೆಂಕಣ ಮತ್ತು ಬಡಗಣ ಗೋಡೆಗಳಿಗೆ. ಪಡುವಣ ಗೋಡೆ ಕುರುಡು ಗೋಡೆಯಾಗಿರಲಿ, ಕಪ್ಪುಹಲಗೆಯನ್ನು ಅದಕ್ಕೇ ಹಾಕಬಹುದು. ದಿಕ್ಕು ಹಿಡಿಯಲು ಮೊಬೈಲಿನ ದಿಕ್ಸೂಚಿ ನಂಬಬೇಡಿ, ಹತ್ತಿರ ಕಬ್ಬಿಣವಿದ್ದರೆ ಅದು ಹಾದಿ ತಪ್ಪಿಸುತ್ತದೆ. ಹಿಂದಿನವರ ಶಂಕುವಿನ ಉಪಾಯ ಸಾಕು: ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಕೋಲನ್ನು ನೇರ ನಿಲ್ಲಿಸಿ, ಅದನ್ನು ನಡುವಿಟ್ಟು ಒಂದು ವೃತ್ತ ಬರೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಜಾಗಕ್ಕೊಂದು ಗೂಟ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದ ಜಾಗಕ್ಕೊಂದು ಗೂಟ. ಎರಡನ್ನೂ ಸೇರಿಸುವ ಹಗ್ಗವೇ ಮೂಡಣ–ಪಡುವಣ. ಏಳನೇ ತರಗತಿ ಮಕ್ಕಳಿಂದ ಮಾಡಿಸಿ, ಪಾಠವೂ ಆಯಿತು.

ಕೋಣೆ ಅಗಲ 6 ಮೀಟರ್, ಉದ್ದ 7.5 ಮೀಟರ್ ಇದ್ದರೆ 45 ಚದರ ಮೀಟರ್ ಆಗುತ್ತದೆ, 30 ಮಕ್ಕಳಿಗೆ ತಲಾ ಒಂದೂವರೆ ಚದರ ಮೀಟರ್. ಕಿಟಕಿಯ ಬೆಳಕು ಅದರ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಚೆನ್ನಾಗಿ ತಲುಪುತ್ತದೆ. ಮೇಲಂಚು 2.1 ಮೀಟರ್ ಆದರೆ ಆ ದೂರ ನಾಲ್ಕೂ ಕಾಲರಿಂದ ಐದೂ ಕಾಲು ಮೀಟರ್. ಆರು ಮೀಟರ್ ಅಗಲದ ಕೋಣೆಗೆ ಒಂದೇ ಕಡೆ ಕಿಟಕಿ ಇಟ್ಟರೆ ಆಚೆಬದಿಯ ಮಕ್ಕಳು ಹಗಲಲ್ಲೇ ಬಲ್ಬು ಕೇಳುತ್ತಾರೆ. ತೆಂಕಣಕ್ಕೆ ಮೂರು, ಬಡಗಣಕ್ಕೆ ಎರಡು, 1.35 ಮೀಟರ್ ಚೌಕದ ಕಿಟಕಿ ಇಟ್ಟರೆ ಒಟ್ಟು ಒಂಬತ್ತು ಚದರ ಮೀಟರ್, ಅಂದರೆ ನೆಲದ ಐದನೇ ಒಂದು ಭಾಗ. ಇದು ಸಾಕು.

ಕಿಟಕಿಯ ತಳ ನೆಲದಿಂದ 75 ಸೆಂ.ಮೀ. ಇರಲಿ. ಬಹಳ ಶಾಲೆಗಳಲ್ಲಿ ಅದನ್ನು 90ಕ್ಕೋ 100ಕ್ಕೋ ಏರಿಸುತ್ತಾರೆ, ‘ಮಕ್ಕಳ ಗಮನ ಹೊರಗೆ ಹೋಗುತ್ತದೆ’ ಅಂತ. ಹೊರಗಿನ ಮರ ನೋಡಬಾರದು ಎಂದಾದರೆ ನಿಸರ್ಗದ ಮಾತೇ ಎತ್ತಬೇಕಾಗಿಲ್ಲ. ತಳ ಇಳಿದರೆ ಗಾಳಿಯೂ ಕುಳಿತವರ ಮೈಮಟ್ಟಕ್ಕೆ ಬೀಸುತ್ತದೆ. ಗ್ರಿಲ್ ಸರಳುಗಳ ನಡುವೆ 10 ಸೆಂ.ಮೀ.ಗಿಂತ ಹೆಚ್ಚು ಸಂದಿ ಬೇಡ, ತಲೆ ತೂರಿಸುವ ವಯಸ್ಸು ಅದು. ತೆಂಕಣ ಕಿಟಕಿಗಳಿಗೆ 60 ಸೆಂ.ಮೀ. ಸಜ್ಜೆ ಹಾಕಿದರೆ ಮಾರ್ಚ್‌ನಿಂದ ಅಕ್ಟೋಬರ್ ನಡುವರೆಗೆ ನಡುಹಗಲಿನ ಬಿಸಿಲು ಗಾಜಿಗೂ ತಾಗುವುದಿಲ್ಲ. ಡಿಸೆಂಬರ್‌ನಲ್ಲಿ ಕಿಟಕಿಯ ಕೆಳಗಿನ ಎರಡು ಅಡಿಯಷ್ಟಕ್ಕೆ ಬಿಸಿಲು ಬೀಳುತ್ತದೆ. ಬೀಳಲಿ, ಚಳಿಗಾಲದ ಬೆಳಿಗ್ಗೆ ಅದು ಬೇಕು.

ನಲಿ-ಕಲಿ, ಅಂದರೆ ಚಿಕ್ಕ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ಕೋಣೆಯಾದರೆ ಇನ್ನೊಂದು ಮಾತು. ತಳ ಇಳಿಸಿದಷ್ಟೂ ಕಲಿಕಾ ಕಾರ್ಡುಗಳು ಗಾಳಿಗೆ ಹಾರುತ್ತವೆ, ಕೋಣೆಯೊಳಗಿನ ದಾರದ ಚಪ್ಪರಕ್ಕೆ ತೂಗುಹಾಕಿದ ಮಕ್ಕಳ ಕೆಲಸವೆಲ್ಲ ಸುತ್ತಿಕೊಳ್ಳುತ್ತದೆ. ಆಗ ಶಿಕ್ಷಕರು ಕಿಟಕಿಯನ್ನೇ ಮುಚ್ಚಿಬಿಡುತ್ತಾರೆ, ನಿಮ್ಮ ಲೆಕ್ಕವೆಲ್ಲ ನೀರುಪಾಲು. ಕಿಟಕಿಯ ಬಾಗಿಲನ್ನು ಮೇಲರ್ಧ, ಕೆಳಗರ್ಧ ಎಂದು ಎರಡಾಗಿ ಮಾಡಿಸಿ. ಬಿರುಗಾಳಿ ದಿನ ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದಿಡಬಹುದು. ಮಕ್ಕಳು ಬರೆಯುವ ಗೋಡೆ ಹಲಗೆಗೂ ಜಾಗ ಬೇಕು. ಅದನ್ನು ಕುರುಡು ಗೋಡೆಗಳಿಗೂ ಕಿಟಕಿಗಳ ಕೆಳಭಾಗಕ್ಕೂ ಹೊಂದಿಸಿ.

ಪಡಸಾಲೆ ಬಡಗಣಕ್ಕೆ ಇರಲಿ, ಅಗಲ 2.4 ಮೀಟರ್. ಸುಮ್ಮನೆ ಹೇಳುತ್ತಿಲ್ಲ. ಆಗಸ್ಟ್ ಎರಡನೇ ವಾರದಿಂದ ಏಪ್ರಿಲ್ ಕೊನೆಯವರೆಗೆ ನಡುಹಗಲಿನ ಸೂರ್ಯ ನಿಮ್ಮೂರಿಗೆ ತೆಂಕಣದಲ್ಲಿರುತ್ತಾನೆ, ಹಾಗಾಗಿ ಬಡಗಣ ಪಡಸಾಲೆ ಶಾಲೆಯ ಬಹುಪಾಲು ದಿನ ನೆರಳಲ್ಲಿರುತ್ತದೆ. ಮುಂಗಾರು ಮಳೆ ಬೀಸುವುದು ನೈಋತ್ಯ ಮತ್ತು ಪಡುವಣದಿಂದ, ಇರಚಲೂ ಅಲ್ಲಿಗೆ ಕಡಿಮೆ. ಬಿಸಿಯೂಟಕ್ಕೆ ಕೂರಲು, ಗುಂಪು ಪಾಠಕ್ಕೆ, ಮಳೆಯ ದಿನದ ಪ್ರಾರ್ಥನೆಗೆ ಇದೇ ಮೂರನೇ ಕೋಣೆ. ಪಡಸಾಲೆಯ ಅಂಚಿಗೆ 30 ಸೆಂ.ಮೀ. ಎತ್ತರದ, 40 ಸೆಂ.ಮೀ. ಅಗಲದ ಕಟ್ಟೆ ಕಟ್ಟಿ ಮೇಲೆ ಫರಸಿ ಕಲ್ಲು ಹಾಸಿದರೆ ಚಿಕ್ಕ ಮಕ್ಕಳಿಗೆ ಬೆಂಚು ಬೇಕಿಲ್ಲ. ಇಳಿಜಾರು ದಾರಿ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಬೇಕೇ ಬೇಕು. ನೆಲ 45 ಸೆಂ.ಮೀ. ಎತ್ತರದಲ್ಲಿದ್ದರೆ ಒಂದಕ್ಕೆ ಹನ್ನೆರಡರ ಇಳಿಜಾರಿನಂತೆ ದಾರಿ 5.4 ಮೀಟರ್ ಉದ್ದವಾಗುತ್ತದೆ. ಎರಡು ಮೀಟರ್‌ನಲ್ಲಿ ಮುಗಿಸಿದ್ದು ಗಾಲಿಕುರ್ಚಿಗೆ ಇಳಿಜಾರಲ್ಲ, ಜಾರುಬಂಡೆ.

ಒಂದಂತಸ್ತಿನ ಕಟ್ಟಡಕ್ಕೆ ಸೆಕೆಯ ಮುಖ್ಯ ದಾರಿ ಚಾವಣಿ. ದಿನವಿಡೀ ಬಿಸಿಲು ನೆಟ್ಟಗೆ ಬೀಳುವುದು ಅದಕ್ಕೇ. ನಾಲ್ಕೂವರೆ ಇಂಚಿನ ಕಾಂಕ್ರೀಟ್ ಹೀರಿದ ಕಾವು ಒಳಮುಖಕ್ಕೆ ಬರಲು ಎರಡು-ಮೂರು ತಾಸು ಬೇಕು. ಹನ್ನೆರಡು-ಒಂದು ಗಂಟೆಯ ಬಿಸಿಲು ಮೂರು-ನಾಲ್ಕು ಗಂಟೆಗೆ ಮಕ್ಕಳ ನೆತ್ತಿಗೆ ಇಳಿಯುತ್ತದೆ. ಫ್ಯಾನ್ ಹಾಕಿದರೆ ಚಾವಣಿ ಕೆಳಗಿನ ಅದೇ ಬಿಸಿಗಾಳಿ ಕೆಳಗೆ ಬೀಸುತ್ತದೆ. ಹಳೆಯ ಕೋಣೆಗಳ ಉಪಚಾರ ಇಲ್ಲಿಂದಲೇ ಶುರುವಾಗಬೇಕು. ಕರಿಗಟ್ಟಿದ ಹಳೇ ಕಾಂಕ್ರೀಟ್ ಬಿಸಿಲಿನ ಮೂರರಲ್ಲಿ ಎರಡು ಪಾಲು ಹೀರಿಕೊಳ್ಳುತ್ತದೆ, ಹೊಸದಾಗಿ ಸುಣ್ಣ ಬಳಿದದ್ದು ನಾಲ್ಕರಲ್ಲಿ ಒಂದು ಪಾಲಿನಷ್ಟು. ಫೆಬ್ರುವರಿಯಲ್ಲಿ ಚಾವಣಿ ಗುಡಿಸಿ, ಪಾಚಿ ಉಜ್ಜಿ ತೊಳೆದು, ಬಿರುಕು ಮುಚ್ಚಿ. ಸುಟ್ಟ ಸುಣ್ಣವನ್ನು ಒಂದು ರಾತ್ರಿ ನೀರಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಅಂಟು ಬೆರೆಸಿ, ಒಂದು ಕೋಟ್ ಉದ್ದಕ್ಕೆ, ಒಂದು ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ ತೆಳುವಾಗಿ ಬಳಿಯಿರಿ. ದಪ್ಪ ಬಳಿದರೆ ಹಪ್ಪಳದ ಹಾಗೆ ಏಳುತ್ತದೆ. ಅರಳುವ ಸುಣ್ಣ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ, ಈ ಕೆಲಸಕ್ಕೆ ಮಕ್ಕಳನ್ನು ಸೇರಿಸಬೇಡಿ. ಧೂಳು, ಮಳೆಗೆ ಬಿಳುಪು ಮಾಸುವುದರಿಂದ ಪ್ರತಿ ವರ್ಷ ಮತ್ತೆ ಬಳಿಯಬೇಕು. ಆರ್ಭಟವಿಲ್ಲದ ಕೆಲಸ, ಆದರೆ ಕೊಟ್ಟ ಕಾಸಿಗೆ ಇದರಷ್ಟು ತಂಪು ಬೇರೆ ಯಾವುದೂ ಕೊಡುವುದಿಲ್ಲ.

ಚಾವಣಿಯ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸುವ ಚಿತ್ರವನ್ನೂ ಯಾರಾದರೂ ತೋರಿಸುತ್ತಾರೆ. ಬೇಡ. ಹತ್ತು ಸೆಂ.ಮೀ. ಹಸಿ ಮಣ್ಣು ಚದರ ಮೀಟರಿಗೆ 180–200 ಕಿಲೊ ತೂಗುತ್ತದೆ. ಜನ ಹತ್ತಬಹುದಾದ ಚಾವಣಿಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಹೊರೆಯೇ 150 ಕಿಲೊ. ಮೇಲೆ ನೀರು ನಿಂತರೆ ಸರಳಿಗೆ ತುಕ್ಕು.

ಹೊಸ ಕೋಣೆಗಳ ಚಾವಣಿಗೆ ಎಂಜಿನಿಯರ್ ಒಪ್ಪಿದರೆ ಫಿಲ್ಲರ್ ಸ್ಲ್ಯಾಬ್ ಕೇಳಿ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದ ಪದ್ಧತಿ: ಕಾಂಕ್ರೀಟಿನ ಕೆಳಭಾಗದಲ್ಲಿ, ಸರಳುಗಳ ನಡುವಿನ ಚೌಕದಲ್ಲಿ, ಒಂದರ ಮೇಲೊಂದು ಎರಡು ಮಂಗಳೂರು ಹಂಚು ಇಡುವುದು. ಅಲ್ಲಿ ಕಾಂಕ್ರೀಟ್ ಹೇಗೂ ಭಾರ ಹೊರುವುದಿಲ್ಲ, ಹಂಚುಗಳ ನಡುವಿನ ಗಾಳಿ ಕಾವನ್ನು ಸ್ವಲ್ಪ ತಡೆಯುತ್ತದೆ. ಕೆಡುವುದು ಎರಡು ಕಡೆ. ಹಂಚನ್ನು ನೀರಲ್ಲಿ ನೆನೆಸದೆ ಇಟ್ಟರೆ ಅದು ಕಾಂಕ್ರೀಟಿನ ನೀರು ಹೀರಿ ಸುತ್ತ ಪುಡಿಪುಡಿ ಮಾಡುತ್ತದೆ. ಹಂಚು ಸರಳಿಗೆ ಒತ್ತಿ ಕೂತರೆ ಸರಳಿನ ಸುತ್ತ ಕಾಂಕ್ರೀಟ್ ಸೇರದೆ ಕೆಲವೇ ವರ್ಷಕ್ಕೆ ತುಕ್ಕು ಹಿಡಿಯುತ್ತದೆ. ಈ ಕೆಲಸ ಮಾಡಿ ಗೊತ್ತಿರುವ ಗೌಂಡಿ ಸಿಗದಿದ್ದರೆ ಸಾದಾ ಸ್ಲ್ಯಾಬ್ ಹಾಕಿ ಸುಣ್ಣ ಬಳಿಯುವುದೇ ಲೇಸು. ಗಾಂಡೊದಲ್ಲಿರುವಂಥ ತಗಡಿನ ಮೇಲ್ಚಾವಣಿ ಹಣ ಒದಗಿದಾಗ ಬರಲಿ, ಅದಕ್ಕಾಗಿ ಈಗಲೇ ಸ್ಲ್ಯಾಬಿನ ಅಂಚಿನಲ್ಲಿ ಬೋಲ್ಟುಗಳನ್ನು ಹೂತಿಡಿಸಿ. ಆಮೇಲೆ ಕೊರೆದು ಕೂರಿಸಿದ ಬೋಲ್ಟನ್ನು ಮುಂಗಾರು ಪೂರ್ವದ ಬಿರುಗಾಳಿ ತಗಡಿನ ಸಮೇತ ಕಿತ್ತುಕೊಂಡು ಹೋಗುತ್ತದೆ. ಸಂದಿಯ ಬಾಯಿಗೆ ಜಾಳಿಗೆ ಬಡಿಯದಿದ್ದರೆ ಪಾರಿವಾಳ ಮೊದಲು, ಜೇನು ಆಮೇಲೆ.

ಚಾವಣಿಯ ಕೆಳಗೆ, ಎದುರುಬದುರು ಗೋಡೆಗಳಲ್ಲಿ, 60×45 ಸೆಂ.ಮೀ. ಗವಾಕ್ಷಿಗಳನ್ನು ಇಡಿ, ಗೋಡೆಗೆ ಮೂರರಂತೆ. ಗಾಜು ಬೇಡ, ಸೊಳ್ಳೆಜಾಳಿಗೆ ಮತ್ತು ಮಳೆ ತಡೆಯುವ ಓರೆ ಪಟ್ಟಿ ಸಾಕು. ಮಾರ್ಚ್‌ನಲ್ಲಿ ನಿಮ್ಮ ಕಡೆ ರಾತ್ರಿ ಹಗಲಿಗಿಂತ ಹತ್ತು-ಹದಿನೈದು ಡಿಗ್ರಿ ತಣ್ಣಗಿರುತ್ತದೆ. ಬೀಗ ಹಾಕಿದ ಕೋಣೆಯಲ್ಲೂ ರಾತ್ರಿಯಿಡೀ ಗಾಳಿ ಆಡಿ ಗೋಡೆ, ಚಾವಣಿ ತಣಿಯುತ್ತವೆ. ಉಡುಪಿ, ಕಾರವಾರದವರು ಇದನ್ನು ನಕಲು ಮಾಡಿ ಫಲವಿಲ್ಲ. ಕರಾವಳಿಯ ರಾತ್ರಿ ಹಾಗೆ ತಣಿಯುವುದಿಲ್ಲ, ಅಲ್ಲಿಗೆ ಹಗುರ ಹಂಚಿನ ಮಾಡು ಮತ್ತು ಉದ್ದ ಸೂರು.

ಹಳೆಯ ಕೋಣೆಗಳ ಪಡುವಣ ಮುಖಕ್ಕೆ 2.4 ಮೀಟರ್ ಆಳದ ಚಪ್ಪರ ಇಳಿಸಿ, ಹೊರ ಅಂಚಿನ ಎತ್ತರವೂ 2.4 ಮೀಟರ್. ಆ 35 ಡಿಗ್ರಿ ಬಿಸಿಲು ಆಗ ಗೋಡೆಯ ಕೆಳಗಿನ 70 ಸೆಂ.ಮೀ.ಗಷ್ಟೇ ತಾಗುತ್ತದೆ, ಕಿಟಕಿಗಳು ನೆರಳಿಗೆ ಬರುತ್ತವೆ. ತಗಡಿನ ಚಪ್ಪರವಾದರೆ ಗೋಡೆಗೆ ಅಂಟಿಸದೆ ಒಂದು ಗೇಣು ಸಂದಿ ಬಿಡಿ, ಕೂಡಿದ ಬಿಸಿಗಾಳಿ ಅಲ್ಲಿಂದ ಏರಿ ಹೋಗಲಿ. ಕಂಬಗಳಿಗೆ ಹೀರೆ, ತೊಂಡೆ, ಅವರೆ ಬಳ್ಳಿ ಹಬ್ಬಿಸಬಹುದು, ಬಿಸಿಯೂಟದ ಪಾತ್ರೆ ತೊಳೆದ ನೀರು ಸಾಕಾಗುತ್ತದೆ.

ಎರೆ ಮಣ್ಣು ನಿಮ್ಮ ಕಟ್ಟಡದ ದೊಡ್ಡ ಶತ್ರು. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗೋಡೆಯ ಬಿರುಕು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟಿದ್ದರೆ ಬಹುತೇಕ ಇದರದೇ ಕೆಲಸ. ಒಂದೂವರೆ ಮೀಟರ್ ಒಳಗೆ ಗರಸು (ಗಟ್ಟಿ ಮೊರಂ) ಸಿಕ್ಕರೆ ಅಲ್ಲಿಯವರೆಗೆ ಅಗೆದು ಬುನಾದಿ ಕೂರಿಸುವುದು ಒಳ್ಳೆಯದು. ಎರೆ ಆಳವಾಗಿದ್ದರೆ ನೆಲದಾಳಕ್ಕೆ ಇಳಿಸುವ, ತಳದಲ್ಲಿ ಗುಂಡಗೆ ಉಬ್ಬಿದ ಕಾಂಕ್ರೀಟ್ ಕಂಬ, ಅಂದರೆ ಅಂಡರ್-ರೀಮ್ಡ್ ಪೈಲ್ ಕೇಳಿ, ಮೇಲಿನ ತೊಲೆ ಮತ್ತು ಮಣ್ಣಿನ ನಡುವೆ ಮೂರು ಇಂಚಿನಷ್ಟು ಖಾಲಿ ಜಾಗ ಬಿಡಿಸಿ, ಮಣ್ಣು ಉಬ್ಬಲು. ಕಟ್ಟಡದ ಸುತ್ತ ಒಂದು ಮೀಟರ್ ಅಗಲದ ಫರಸಿ ಹಾಸನ್ನು ಹೊರಕ್ಕೆ ಇಳಿಜಾರಾಗಿ ಹಾಕಿ. ಚಾವಣಿಯ ನೀರು ಗೋಡೆಬುಡಕ್ಕೆ ಬೀಳಲೇಬಾರದು. ನೂರು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಎಂದರೆ 100 ಲೀಟರ್. ನಿಮ್ಮ ಸುಮಾರು 600 ಮಿ.ಮೀ. ಮಳೆಯಲ್ಲಿ, ಐದರಲ್ಲಿ ಒಂದು ಪಾಲು ಪೋಲಾಯಿತೆಂದರೂ, ವರ್ಷಕ್ಕೆ 48 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಪ್ರತಿ ಮಳೆಯ ಮೊದಲ 200 ಲೀಟರ್ ಬಿಟ್ಟು ಉಳಿದದ್ದನ್ನು ಹತ್ತು ಸಾವಿರ ಲೀಟರ್ ತೊಟ್ಟಿಗೆ ಹಿಡಿಯಿರಿ. ಸುಣ್ಣದ ಚಾವಣಿಯ ನೀರು ಕೈ ತೊಳೆಯಲು, ಶೌಚಾಲಯಕ್ಕೆ, ಗಿಡಕ್ಕೆ, ಕುಡಿಯಲು ಬೇಡ.

ಯುವಕರು ಮಣ್ಣಿನ ಬ್ಲಾಕ್ ಅಂದಾರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಕೇಂದ್ರದವರು ಬೆಳೆಸಿದ, ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವ ಬ್ಲಾಕ್ ಒಳ್ಳೆಯದೇ. ಆದರೆ ಎರೆ ಮಣ್ಣಿನಲ್ಲಿ ಅದು ಆಗದು, ಮಸಾರಿ (ಕೆಂಪು) ಮಣ್ಣು ಮತ್ತು ಮರಳು ತರಬೇಕು. ನೂರಕ್ಕೆ ಏಳೆಂಟು ಪಾಲು ಸಿಮೆಂಟ್, ಮೂರು ವಾರ ನೀರುಣಿಕೆ. ಮಣ್ಣು ತರುವ ದೂರ ಹೆಚ್ಚಾದರೆ ಹತ್ತಿರದ ಕ್ವಾರಿಯ ಕಲ್ಲೇ ನಿಮ್ಮ ನಿಸರ್ಗ.

ಇನ್ನು ಮರ. ಎರೆಯಲ್ಲಿ ಮರದ ಬೇರು ನೀರು ಹೀರಿ ಮಣ್ಣನ್ನು ಕುಗ್ಗಿಸುತ್ತದೆ, ಹಾಗಾಗಿ ಮರ ಬೆಳೆಯುವಷ್ಟು ಎತ್ತರದ ದೂರವನ್ನು ಗೋಡೆಯಿಂದ ಬಿಡಬೇಕು. ಅಷ್ಟು ದೂರದಿಂದ ನೆರಳು ಬಂದೀತೇ? ಲೆಕ್ಕ ಹಾಕಿ: ಹತ್ತು ಮೀಟರ್ ಎತ್ತರದ ಹೊಂಗೆ ಪಡುವಣಕ್ಕೆ ಹತ್ತು ಮೀಟರ್ ದೂರದಲ್ಲಿದ್ದರೆ ಮಾರ್ಚ್‌ನ ನಾಲ್ಕು ಗಂಟೆಯ ನೆರಳು ಗೋಡೆಯನ್ನು ಮೂರು ಮೀಟರ್ ಎತ್ತರದವರೆಗೆ ಮುಚ್ಚುತ್ತದೆ. ಸೂರ್ಯ ಆಗ ನೇರ ಪಡುವಣಕ್ಕಿಂತ ಸ್ವಲ್ಪ ತೆಂಕಣಕ್ಕಿರುವುದರಿಂದ ಮರವನ್ನು ಗೋಡೆಯ ನಡುವಿಗಿಂತ ಎರಡು ಮೀಟರ್ ತೆಂಕಣಕ್ಕೆ ಸರಿಸಿ ನೆಡಿ. ಹೊಂಗೆ ಎಲೆ ಉದುರಿಸುವುದು ಸ್ವಲ್ಪ ದಿನ, ಯುಗಾದಿಗೆ ಮತ್ತೆ ಚಿಗುರಿ ನಿಂತಿರುತ್ತದೆ. ಬೇವೂ ಆಗುತ್ತದೆ. ಗುಲ್ಮೊಹರ್ ಕೊಂಬೆ ಗಾಳಿಗೆ ಮುರಿಯುತ್ತದೆ. ಆಲ, ಅರಳಿ, ಅತ್ತಿ ಆವರಣದ ತುದಿಗೆ ಮಾತ್ರ. ಹಕ್ಕಿ ಹಾಕಿದ ಬೀಜದಿಂದ ಚಾವಣಿಯ ಬಿರುಕಿನಲ್ಲಿ ಮೊಳೆತ ಸಸಿಯನ್ನು ವರ್ಷಕ್ಕೊಮ್ಮೆ ಕೀಳಲೇಬೇಕು. ನುಗ್ಗೆ ಕೈತೋಟಕ್ಕೆ ಸರಿ, ಕಿಟಕಿ ಪಕ್ಕಕ್ಕೆ ಬೇಡ, ಕಂಬಳಿಹುಳ ಉದುರಿ ಮಕ್ಕಳಿಗೆ ತುರಿಕೆ. ಕಣಗಿಲೆ, ದತ್ತೂರಿ, ಔಡಲ, ಜಟ್ರೋಫಾ ವಿಷ, ಆವರಣದೊಳಗೆ ಒಂದೂ ಬೇಡ. ಬೀಜವನ್ನು ಕಡಲೆಯೆಂದು ತಿಂದು ಆಸ್ಪತ್ರೆ ಸೇರುವವರು ಮಕ್ಕಳೇ.

ಹುಣಸೆಮರ ನಿಮ್ಮ ದೊಡ್ಡ ಆಸ್ತಿ. ಅದರ ಹರಹಿನ ಒಳಗೆ ಬುನಾದಿ ಅಗೆಯಬೇಡಿ, ಜಲ್ಲಿ-ಮರಳು ರಾಶಿ ಹಾಕಬೇಡಿ, ಲಾರಿ ನಿಲ್ಲಿಸಬೇಡಿ. ಕಟ್ಟೆ ಕಟ್ಟುವವರು ಸಾಮಾನ್ಯವಾಗಿ ಬುಡದವರೆಗೂ ಸಿಮೆಂಟ್ ಬಳಿದು ಮರದ ಉಸಿರು ಕಟ್ಟಿಸುತ್ತಾರೆ, ಇಲ್ಲವೇ ಬುಡಕ್ಕೆ ಎರಡಡಿ ಮಣ್ಣೇರಿಸಿ ತೊಗಟೆ ಕೊಳೆಸುತ್ತಾರೆ. ಬುಡದಿಂದ ಒಂದೂವರೆ ಮೀಟರ್ ಆಚೆಗೆ, ಆಳದ ಬುನಾದಿಯಿಲ್ಲದೆ, ಸೈಜುಗಲ್ಲನ್ನು ಮಣ್ಣುಗಾರೆಯಲ್ಲಿ ಒಂದು ಸುತ್ತು ಕೂರಿಸಿ. ಒಳಗಿನ ನೆಲ ಇದ್ದ ಮಟ್ಟದಲ್ಲೇ ಇರಲಿ. ಆ ಸುತ್ತು ಒಂಬತ್ತು ಮೀಟರ್‌ಗಿಂತ ಹೆಚ್ಚು, ತಲಾ 40 ಸೆಂ.ಮೀ.ನಂತೆ 23 ಮಕ್ಕಳು ಕೂರುತ್ತಾರೆ. ಪಕ್ಕದ ಕೋಣೆಗೂ ಈ ಕಟ್ಟೆಗೂ ಹತ್ತು ಮೀಟರ್ ಅಂತರವಿರಲಿ, ಇಲ್ಲವಾದರೆ ಎರಡು ಪಾಠಗಳ ದನಿ ಕಲಸಿಹೋಗುತ್ತದೆ. ವರ್ಷಕ್ಕೊಮ್ಮೆ ಒಣಕೊಂಬೆ ಕಡಿಸಿ, ಹೆಜ್ಜೇನು ಕಟ್ಟಿದ್ದರೆ ಅದು ಹೋಗುವವರೆಗೆ ಪಾಠ ಒಳಗೇ.

ಗೋಡೆಗೆ ಹುಲಿ, ನವಿಲು, ಕಾಡು ಬರೆಸುವ ಹಣ ಉಳಿದರೆ ಬಯಲಲ್ಲಿ ಒಂದು ಮೀಟರ್ ಕಂಬ ನೆಟ್ಟು ಸುತ್ತ ಫರಸಿ ಹಾಸಿಸಿ, ತಿಂಗಳಿಗೊಮ್ಮೆ ನಡುಹಗಲ ನೆರಳಿನ ತುದಿಯನ್ನು ಮಕ್ಕಳೇ ಗುರುತಿಸಲಿ. ನಿಮ್ಮೂರಲ್ಲಿ ಆಗಸ್ಟ್ 10ರ ಆಸುಪಾಸು, ಮಧ್ಯಾಹ್ನ ಸುಮಾರು 12.30ಕ್ಕೆ, ಮೋಡವಿಲ್ಲದಿದ್ದರೆ, ಆ ಕಂಬಕ್ಕೆ ನೆರಳೇ ಇರುವುದಿಲ್ಲ. ಮೇ ಮೊದಲ ವಾರದಲ್ಲೂ ಹೀಗಾಗುತ್ತದೆ, ಆಗ ರಜೆ.

ಸಸಿಗಳನ್ನು ಕಟ್ಟಡ ಮುಗಿಯುವವರೆಗೆ ಕಾಯಿಸಬೇಡಿ. ಕೋಣೆ ಒಂದು ವರ್ಷದಲ್ಲಿ ಏಳುತ್ತದೆ, ಹೊಂಗೆ ನೆರಳು ಕೊಡಲು ಆರೇಳು ವರ್ಷ ಬೇಕು. ಎಂಜಿನಿಯರ್ ಗುರುತು ಹಾಕಿದ ದಿನವೇ ಲಾರಿಯ ದಾರಿ ಯಾವುದೆಂದು ಕೇಳಿ, ಅದನ್ನು ಬಿಟ್ಟು ಮರಗಳ ಜಾಗಕ್ಕೆ ಗೂಟ ಹೊಡೆಯಿರಿ. 75 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡಿ. ಮಸಾರಿ ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಎರಡು ಹದ ಮಳೆ ಬಿದ್ದ ಮೇಲೆ ಎದೆಮಟ್ಟದ ಸಸಿ ನೆಟ್ಟು, ಆಡುಗಳ ಬಾಯಿ ಎಟುಕದಂತೆ ಮುಳ್ಳು ಕಟ್ಟಿ.